ಓದುಗರ ಪ್ರಶ್ನೆ, ನಮ್ಮ ಉತ್ತರ: ಕಟ್ಟಡದ ದೀಪಗಳ ಡಾಲಿ ಜಾಲ

ಹೊಸ ಕಚೇರಿ, ಆಸ್ಪತ್ರೆ, ಕಾಲೇಜು ಕಟ್ಟಡಗಳಲ್ಲಿ ಗೋಡೆಯ ಸ್ವಿಚ್ಚಿಗೂ ದೀಪಕ್ಕೂ ಈಗ ನೇರ ನಂಟು ಇರುವುದು ಕಡಿಮೆ. ಸ್ವಿಚ್ಚು ಒಂದು ಸಂದೇಶ ಕಳಿಸುತ್ತದೆ. ದೀಪದೊಳಗಿನ ಡ್ರೈವರ್, ಅಂದರೆ ದೀಪಕ್ಕೆ ಕರೆಂಟ್ ಅಳೆದು ಕೊಡುವ ಘಟಕ, ಅದನ್ನು ಓದಿ ಅದರಂತೆ ನಡೆದುಕೊಳ್ಳುತ್ತದೆ. ಈ ಮಾತುಕತೆಗೆ ಬಹಳ ಕಡೆ ಬಳಕೆಯಲ್ಲಿರುವ ಪದ್ಧತಿಯೇ ಡಾಲಿ (ಡಿಜಿಟಲ್ ಅಡ್ರೆಸೆಬಲ್ ಲೈಟಿಂಗ್ ಇಂಟರ್‌ಫೇಸ್). ಅದರ ಅಂತರರಾಷ್ಟ್ರೀಯ ಮಾನಕ ಐಇಸಿ 62386. ಒಂದು ಜೋಡಿ ತಂತಿಯ ಮೇಲೆ 64 ಡ್ರೈವರ್, 16 ಗುಂಪು, 16 ಸೀನ್ (ಮೊದಲೇ ಬರೆದಿಟ್ಟ ಬೆಳಕಿನ ಹೊಂದಾಣಿಕೆ) ಎಂಬುದು ಅದರ ಮಿತಿ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ.

ಪ್ರಶ್ನೆ: ಡಾಲಿ ತಂತಿಗೆ ಬೇರೆ ಪೈಪ್ ಹಾಕಲೇಬೇಕೆ? ಐದು ಕೋರಿನ ಒಂದೇ ಕೇಬಲ್‌ನಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಜೊತೆಗೇ ಎಳೆಯಬಹುದು ಎನ್ನುತ್ತಾರೆ. ಎಷ್ಟು ಉದ್ದ ಎಳೆಯಬಹುದು?
(ವೈರಿಂಗ್ ಗುತ್ತಿಗೆದಾರರು)

ಉತ್ತರ: ಎಳೆಯಬಹುದು. ಮೇನ್ಸ್ ವೋಲ್ಟೇಜಿಗೆ ತಕ್ಕ ಇನ್ಸುಲೇಷನ್ ಇರುವ ಕೇಬಲ್ ಆಗಿದ್ದರೆ ಐದು ಕೋರಿನಲ್ಲಿ ಎರಡನ್ನು ಡಾಲಿಗೆ ಬಿಡುವುದು ರೂಢಿಯಲ್ಲಿರುವ ಕೆಲಸ. ಇದರಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ. ಡಾಲಿ ಲೈನ್ 16 ವೋಲ್ಟ್ ಆಸುಪಾಸಿನದಾದರೂ ಅದನ್ನು ಮುಟ್ಟಿದರೆ ಅಪಾಯವಿಲ್ಲದ ಲೈನ್ ಎಂದು ಎಣಿಸುವಂತಿಲ್ಲ. ಮೇನ್ಸಿನಿಂದ ಅದಕ್ಕಿರುವುದು ಮೂಲ ಮಟ್ಟದ ಇನ್ಸುಲೇಷನ್ ಮಾತ್ರ. ಟೆಲಿಫೋನ್ ಅಥವಾ ನೆಟ್‌ವರ್ಕ್ ಕೇಬಲ್‌ನ ಉಳಿದ ಜೋಡಿಯಲ್ಲಿ ಡಾಲಿ ಓಡಿಸಬೇಡಿ.

ಉದ್ದದ ಲೆಕ್ಕ ಹೀಗೆ: ಡಾಲಿ ಲೈನಿಗೆ ವೋಲ್ಟೇಜ್ ಕೊಡುವ ಪವರ್ ಸಪ್ಲೈಯಿಂದ ಅತಿ ದೂರದ ಡ್ರೈವರ್‌ವರೆಗೆ ವೋಲ್ಟೇಜ್ ಕುಸಿತ 2 ವೋಲ್ಟ್ ದಾಟಬಾರದು. ಲೈನಿನಲ್ಲಿ ಹರಿಯಬಹುದಾದ ಗರಿಷ್ಠ ಕರೆಂಟ್ 250 ಮಿಲಿಆಂಪ್. 1.5 ಚದರ ಮಿ.ಮೀ. ತಾಮ್ರದ ತಂತಿಗೆ ಕಿಲೋಮೀಟರಿಗೆ ಸುಮಾರು 12 ಓಮ್ ರೋಧ. 300 ಮೀಟರ್ ಎಳೆದರೆ ಹೋಗಿಬರುವ ದಾರಿ 600 ಮೀಟರ್, ರೋಧ 7.2 ಓಮ್, ಕುಸಿತ 1.8 ವೋಲ್ಟ್. ಮಿತಿಯೊಳಗೇ ಆಯಿತು. 0.5 ಚದರ ಮಿ.ಮೀ. ತಂತಿಯಾದರೆ 100 ಮೀಟರಿಗೇ ಇಷ್ಟು ಕುಸಿಯುತ್ತದೆ, 0.75 ಆದರೆ 150 ಮೀಟರ್ ಎಂದಿಟ್ಟುಕೊಳ್ಳಿ. ತಂತಿ ಇನ್ನೂ ದಪ್ಪ ಮಾಡಿದರೆ 500 ಮೀಟರ್ ಹೋಗಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬೇಡ. ತಂತಿ ಉದ್ದವಾದಷ್ಟೂ ಅದರ ಕೆಪಾಸಿಟೆನ್ಸ್ ಹೆಚ್ಚಿ ಸಂದೇಶದ ಅಂಚುಗಳು ಮೊಂಡಾಗುತ್ತವೆ. 300 ಮೀಟರಿಗೆ ನಿಲ್ಲಿಸಿ. ಅದಕ್ಕೂ ದೂರವಿದ್ದರೆ ರಿಪೀಟರ್ ಹಾಕಿ ಅಥವಾ ಇನ್ನೊಂದು ಲೈನ್ ಮಾಡಿ.

ಜೋಡಣೆ ಸಾಲಾಗಿ, ನಕ್ಷತ್ರದಂತೆ, ಮರದ ಕೊಂಬೆಯಂತೆ ಹೇಗೂ ಇರಬಹುದು. ಕೊನೆಗೆ ಟರ್ಮಿನೇಷನ್ ರೆಸಿಸ್ಟರ್ ಬೇಕಿಲ್ಲ. ಸುತ್ತು ಹೊಡೆಸಿ ತುದಿ ಬುಡ ಕೂಡಿಸುವುದೊಂದು ಮಾತ್ರ ಆಗದು.

ಕರೆಂಟ್ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಡ್ರೈವರ್ ಒಂದಕ್ಕೆ ಗರಿಷ್ಠ 2 ಮಿಲಿಆಂಪ್. ಸೆನ್ಸರ್, ಸ್ವಿಚ್ ಪ್ಯಾನೆಲ್‌ಗಳು ಇದಕ್ಕಿಂತ ಹೆಚ್ಚು ಎಳೆಯುತ್ತವೆ, ಎಷ್ಟೆಂದು ಅವುಗಳ ಲೇಬಲ್ ಮೇಲೇ ಇರುತ್ತದೆ. 50 ಡ್ರೈವರಿಗೆ 100, ತಲಾ 8 ಮಿಲಿಆಂಪಿನ 10 ಸೆನ್ಸರಿಗೆ 80, ತಲಾ 10ರ 6 ಪ್ಯಾನೆಲಿಗೆ 60: ಒಟ್ಟು 240. ವಿಳಾಸಗಳು (ಡ್ರೈವರ್‌ಗಳನ್ನು ಗುರುತಿಸುವ ಸಂಖ್ಯೆಗಳು) ಇನ್ನೂ ಖಾಲಿ ಇದ್ದರೂ ಕರೆಂಟ್ ಮುಗಿಯಿತು! ಸಾಲದೆಂದು 250 ಮಿಲಿಆಂಪಿನ ಎರಡು ಸಪ್ಲೈಗಳನ್ನು ಒಂದೇ ಲೈನಿಗೆ ಕೊಡಬೇಡಿ. ಡ್ರೈವರ್ ಉತ್ತರ ಕೊಡುವುದೇ ಲೈನನ್ನು ಕ್ಷಣಕಾಲ ಶಾರ್ಟ್ ಮಾಡಿ. ಆ ಕರೆಂಟೆಲ್ಲ ಅದರೊಳಗಿನ ಒಂದು ಸಣ್ಣ ಟ್ರಾನ್ಸಿಸ್ಟರ್ ಮೂಲಕ ಹೋಗಬೇಕು. ಮಿತಿ ದಾಟಿದರೆ ಸುಡುವುದು ಅದೇ.

ಪ್ರಶ್ನೆ: ಡಾಲಿ ಟರ್ಮಿನಲ್‌ನಲ್ಲಿ ಪ್ಲಸ್ ಮೈನಸ್ ನೋಡಬೇಕೆ?

ಉತ್ತರ: ಡ್ರೈವರಿಗೆ ನೋಡಬೇಕಿಲ್ಲ. ಒಂದೇ ಲೈನಿಗೆ ಎರಡು ಸಣ್ಣ ಸಪ್ಲೈ ಸೇರಿಸುವಾಗ ಮಾತ್ರ ನೋಡಲೇಬೇಕು.

ಪ್ರಶ್ನೆ: ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು ಎಲ್ಲ ಲೈಟುಗಳಿಗೂ ಡಾಲಿ ತಂತಿ ಸರಿಯಾಗಿ ತಲುಪಿದೆಯೆ ಎಂದು ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಇಲ್ಲದೆ ಪರೀಕ್ಷಿಸುವ ದಾರಿ ಇದೆಯೆ?
(ಎಲೆಕ್ಟ್ರಿಷಿಯನ್)

ಉತ್ತರ: ಇದೆ, ಹತ್ತು ನಿಮಿಷದ ಕೆಲಸ. ಮೊದಲು ಡಾಲಿ ಸಪ್ಲೈಯನ್ನೂ ಆದೇಶ ಕಳಿಸುವ ಕಂಟ್ರೋಲರನ್ನೂ ಲೈನಿಗೆ ಸೇರಿಸದೆ, ದೀಪಗಳಿಗೆ ಮೇನ್ಸ್ ಮಾತ್ರ ಕೊಟ್ಟು, ಡಾಲಿ ಜೋಡಿಯ ನಡುವೆಯೂ ಪ್ರತಿ ತಂತಿಯಿಂದ ಅರ್ತಿಗೂ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟೇಜ್ ನೋಡಿ. ಯಾವುದೋ ಜಂಕ್ಷನ್ ಬಾಕ್ಸಿನಲ್ಲಿ ಫೇಸ್ ತಂತಿ ಡಾಲಿಗೆ ಸೇರಿಹೋಗಿದ್ದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ. ತಂತಿಯಲ್ಲಿ ಸೋರಿಬಂದ ಹುಸಿ ವೋಲ್ಟೇಜ್ ತೋರಿಸಬಹುದು. ಹಾಗಾಗಿ ಕಡಿಮೆ ಇಂಪೀಡೆನ್ಸ್ ಇರುವ ಟೆಸ್ಟರ್ ಆದರೆ ಒಳ್ಳೆಯದು. ಈ ಹಂತ ಬಿಟ್ಟು ಮುಂದೆ ಹೋದವರ ಕಂಟ್ರೋಲರ್‌ಗಳೇ ರಿಪೇರಿ ಅಂಗಡಿಗಳಲ್ಲಿ ಸಾಲಾಗಿ ಕೂತಿರುವುದು.

ಆಮೇಲೆ ಸಪ್ಲೈ ಸೇರಿಸಿ ಡಿಸಿ ಅಳೆಯಿರಿ. 16 ವೋಲ್ಟ್ ಹತ್ತಿರ ಇರಬೇಕು, 9.5ರಿಂದ 22.5ರವರೆಗೆ ನಡೆಯುತ್ತದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ ಅಥವಾ ಸಪ್ಲೈಗೇ ಕರೆಂಟ್ ಇಲ್ಲ. ಅತಿ ದೂರದ ದೀಪದ ಬಳಿಯೂ ಒಮ್ಮೆ ಅಳೆಯಿರಿ.

ಈಗ ಸಪ್ಲೈ ಮೇಲಿರುವ ಪರೀಕ್ಷಾ ಬಟನ್ನಿನಿಂದಲೋ ಒಂದು ಬ್ರಾಡ್‌ಕಾಸ್ಟ್ (ಎಲ್ಲಕ್ಕೂ ಒಟ್ಟಿಗೆ ಆದೇಶ ಕಳಿಸುವ) ಸ್ವಿಚ್ಚಿನಿಂದಲೋ ಎಲ್ಲವನ್ನೂ ಕನಿಷ್ಠ ಬೆಳಕಿಗೆ ಇಳಿಸಿ. ಹೊಸ ಡ್ರೈವರಿಗೆ ವಿಳಾಸ ಇಲ್ಲದಿದ್ದರೂ ಬ್ರಾಡ್‌ಕಾಸ್ಟ್ ಆದೇಶ ಕೇಳುತ್ತದೆ. ನಂತರ ಸಪ್ಲೈ ಬಳಿ ಡಾಲಿಯ ಎರಡು ತಂತಿಯನ್ನು ಒಂದೆರಡು ಸೆಕೆಂಡ್ ತಾಗಿಸಿ ಹಿಡಿಯಿರಿ. ಸಪ್ಲೈ ಕರೆಂಟನ್ನು ತಾನೇ ಮಿತಿಗೊಳಿಸುವುದರಿಂದ ಹಾನಿಯಿಲ್ಲ. ಲೈನ್ ಅರ್ಧ ಸೆಕೆಂಡಿಗೂ ಹೆಚ್ಚು ಸತ್ತಂತಿದ್ದರೆ ‘ಕೇಬಲ್ ಕೆಟ್ಟಿದೆ’ ಎಂದು ತಿಳಿದು ಪ್ರತಿ ಡ್ರೈವರೂ ಪೂರ್ತಿ ಬೆಳಕಿಗೆ ಏರಬೇಕು. ಕಾರ್ಖಾನೆಯಿಂದ ಬರುವ ಸೆಟ್ಟಿಂಗೇ ಅದು. ಮೊದಲ ಹಂತದಲ್ಲಿ ಇಳಿಯದೆ ಪೂರ್ತಿ ಬೆಳಕಿನಲ್ಲೇ ಉಳಿದ ದೀಪಕ್ಕೆ ಡಾಲಿ ತಲುಪಿಲ್ಲ. ಇಳಿದದ್ದು ಶಾರ್ಟ್ ಮಾಡಿದಾಗ ಏರದಿದ್ದರೆ ಆ ಡ್ರೈವರಿನ ಸೆಟ್ಟಿಂಗ್ ಯಾರೋ ಬದಲಿಸಿದ್ದಾರೆ, ಅಂದರೆ ಅದು ಹೊಸ ಮಾಲಲ್ಲ.

ಪ್ರಶ್ನೆ: ನಡುರಾತ್ರಿ ಕರೆಂಟ್ ಹೋಗಿ ಬಂದರೆ ನಮ್ಮ ಗ್ರಂಥಾಲಯದ ಅಷ್ಟೂ ದೀಪ ಪೂರ್ತಿ ಬೆಳಗಿ ಬೆಳಗಿನವರೆಗೆ ಉರಿಯುತ್ತವೆ. ಕಂಟ್ರೋಲರ್ ಕೆಟ್ಟಿದೆಯೆ?

ಉತ್ತರ: ಕೆಟ್ಟಿಲ್ಲ. ಮೇಲೆ ಹೇಳಿದ ಕಾರ್ಖಾನೆ ಸೆಟ್ಟಿಂಗಿಗೆ ಒಂದು ಅವಳಿ ಇದೆ. ಲೈನ್ ಸತ್ತಾಗ ಎಲ್ಲಿಗೆ ಹೋಗಬೇಕು ಎಂಬುದು ಒಂದು, ಮೇನ್ಸ್ ಬಂದಾಗ ಎಲ್ಲಿಂದ ಶುರುಮಾಡಬೇಕು ಎಂಬುದು ಇನ್ನೊಂದು. ಎರಡಕ್ಕೂ ಮೊದಲಿನ ಬೆಲೆ 254, ಅಂದರೆ ಶೇ. 100. ಎರಡನೆಯದನ್ನು 255 ಮಾಡಿದರೆ ಕರೆಂಟ್ ಹೋಗುವ ಮುಂಚಿನ ಮಟ್ಟಕ್ಕೇ ದೀಪ ಮರಳುತ್ತದೆ. ಆರಿದ್ದರೆ ಆರಿಯೇ ಇರುತ್ತದೆ. ಓದುವ ಸಭಾಂಗಣಕ್ಕೆ ಇದು ಸರಿ. ಮೆಟ್ಟಿಲು, ಹೊರಹೋಗುವ ದಾರಿಗಳಲ್ಲಿ ಮಾತ್ರ ಎರಡನ್ನೂ 254ರಲ್ಲೇ ಬಿಡಿ. ಲೈನ್ ಸತ್ತಾಗಿನ ಸೆಟ್ಟಿಂಗನ್ನು ಎಲ್ಲಿಯೂ ಸೊನ್ನೆ ಮಾಡಬೇಡಿ. ಒಂದು ಸಪ್ಲೈ ಕೆಟ್ಟರೆ ಇಡೀ ಮಹಡಿ ಕತ್ತಲಾಗುತ್ತದೆ.

ಪ್ರಶ್ನೆ: ಸಭಾಂಗಣದಲ್ಲಿ ಒಂದು ಬಟನ್ ಒತ್ತಿದರೆ 60 ದೀಪಗಳು ಒಟ್ಟಿಗೆ ಹೊತ್ತದೆ ಪಟಪಟನೆ ಒಂದಾದ ಮೇಲೊಂದು ಹೊತ್ತುತ್ತವೆ. ನೋಡಿದವರು ನಗುತ್ತಾರೆ. ‘ಡಾಲಿ ನಿಧಾನ, ಏನೂ ಮಾಡಲಾಗದು’ ಎಂದು ಪ್ರೋಗ್ರಾಮ್ ಮಾಡಿದವರು ಕೈಚೆಲ್ಲಿದ್ದಾರೆ.
(ಸಭಾಂಗಣದ ವ್ಯವಸ್ಥಾಪಕರು)

ಉತ್ತರ: ಡಾಲಿ ನಿಧಾನ ಎಂಬುದು ನಿಜ, ಏನೂ ಮಾಡಲಾಗದು ಎಂಬುದು ಸುಳ್ಳು.

ಲೈನಿನ ವೇಗ ಸೆಕೆಂಡಿಗೆ 1200 ಬಿಟ್. ಒಂದು ಆದೇಶ ಹೋಗಲು ಸುಮಾರು 16 ಮಿಲಿಸೆಕೆಂಡ್, ನಡುವಿನ ಬಿಡುವು ಸೇರಿದರೆ 25ರ ಹತ್ತಿರ. 60 ದೀಪಗಳಿಗೆ ಒಂದೊಂದಾಗಿ ಹೆಸರು ಹಿಡಿದು ಕರೆದರೆ ಒಂದೂವರೆ ಸೆಕೆಂಡ್. ಆ ಒಂದೂವರೆ ಸೆಕೆಂಡೇ ನಿಮ್ಮಲ್ಲಿ ನಗೆ ತರಿಸುತ್ತಿರುವುದು. ಪ್ರೋಗ್ರಾಮ್ ಮಾಡಿದವರು ಬಟನ್ನಿಗೆ ದೀಪಗಳ ವಿಳಾಸವನ್ನೇ ನೇರ ಕಟ್ಟಿದ್ದಾರೆ.

ಮಾಡಬೇಕಾದ್ದು ಇಷ್ಟು. ಪ್ರತಿ ದೀಪ ಈ ಸಂದರ್ಭದಲ್ಲಿ ಎಷ್ಟು ಬೆಳಗಬೇಕು ಎಂಬುದನ್ನು ಮೊದಲೇ ಡ್ರೈವರಿನೊಳಗೆ ಸೀನ್ ಆಗಿ ಬರೆದಿಡಬೇಕು, ವೇದಿಕೆ ಶೇ. 100, ಕೂರುವ ಜಾಗ ಶೇ. 25, ಬಾಗಿಲ ಬಳಿ ಶೇ. 10 ಹೀಗೆ. ಬಟನ್ ಒತ್ತಿದಾಗ ‘ಸೀನ್ 3ಕ್ಕೆ ಹೋಗಿ’ ಎಂಬ ಒಂದೇ ಒಂದು ಆದೇಶ ಎಲ್ಲರಿಗೂ ಹೋಗುತ್ತದೆ. ಒಂದೇ ಕ್ಷಣದಲ್ಲಿ ಎಲ್ಲ ಡ್ರೈವರುಗಳೂ ತಂತಮ್ಮ ಮಟ್ಟಕ್ಕೆ ಹೊರಡುತ್ತವೆ. ಆ ಸೀನ್‌ಗೆ ಸೇರದ ದೀಪದಲ್ಲಿ 255 ಬರೆದಿದ್ದರೆ ಅದು ಅಲುಗಾಡುವುದಿಲ್ಲ.

ಜೊತೆಗೆ ಫೇಡ್ ಸಮಯ (ಒಂದು ಮಟ್ಟದಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಯುವ ಹೊತ್ತು) 4 ಕೊಡಿ, ಅದು 2 ಸೆಕೆಂಡ್. 1 ಕೊಟ್ಟರೆ 0.7, 2 ಕೊಟ್ಟರೆ 1 ಸೆಕೆಂಡ್, 15 ಕೊಟ್ಟರೆ 90 ಸೆಕೆಂಡ್. ಸಂಖ್ಯೆಯನ್ನೇ ಸೆಕೆಂಡ್ ಎಂದುಕೊಂಡು ಪೇಚಿಗೆ ಸಿಕ್ಕವರಿದ್ದಾರೆ.

ಇಷ್ಟಾದರೂ ಬಟನ್ ಒತ್ತಿದ ಮೇಲೆ ತಡವೆನಿಸಿದರೆ ಗೇಟ್‌ವೇ (ಡಾಲಿ ಲೈನನ್ನು ಕಟ್ಟಡದ ಕಂಪ್ಯೂಟರ್ ಜಾಲಕ್ಕೆ ಕೂಡಿಸುವ ಪೆಟ್ಟಿಗೆ) ಏನು ಮಾಡುತ್ತಿದೆ ನೋಡಿ. ‘ಚೆನ್ನಾಗಿದ್ದೀಯಾ’ ಎಂದು ಪ್ರತಿ ದೀಪವನ್ನೂ ಬಿಡುವಿಲ್ಲದೆ ವಿಚಾರಿಸುತ್ತಿದ್ದರೆ ಲೈನ್ ಅದರಿಂದಲೇ ತುಂಬಿರುತ್ತದೆ. ದೀಪ ಕೆಟ್ಟ ಸುದ್ದಿ ಅರ್ಧ ಗಂಟೆಗೊಮ್ಮೆ ತಿಳಿದರೆ ಸಾಕಲ್ಲವೆ? ವಿಚಾರಣೆಯ ಅಂತರ ಹೆಚ್ಚಿಸಿ. ಸಭಾಂಗಣ ಎರಡು ಮೂರು ಲೈನುಗಳಲ್ಲಿ ಹಂಚಿಹೋಗಿದ್ದರೆ ಲೈನಿನಿಂದ ಲೈನಿಗೆ ಸಣ್ಣ ಅಂತರ ಉಳಿದೇ ಉಳಿಯುತ್ತದೆ. ಫೇಡ್ ಅದನ್ನು ಮುಚ್ಚಿಹಾಕುತ್ತದೆ. ಹೊಸ ವಿನ್ಯಾಸವಾದರೆ ಒಂದೇ ನೋಟಕ್ಕೆ ಬೀಳುವ ದೀಪಗಳನ್ನು ಒಂದೇ ಲೈನಿಗೆ ಹಾಕಿ.

ಪ್ರಶ್ನೆ: ಕಟ್ಟಡ ನಿರ್ವಹಣೆಯ ಕಂಪ್ಯೂಟರಿನಿಂದ ಶೇ. 50 ಎಂದು 127 ಕಳಿಸುತ್ತೇನೆ (254ರ ಅರ್ಧ). ದೀಪ ಮಿಣುಕುತ್ತದೆ ಅಷ್ಟೆ. ಡ್ರೈವರ್ ದೋಷವೆ?

ಉತ್ತರ: ದೋಷ ಲೆಕ್ಕದ್ದು. ಡಾಲಿಯ ಮೆಟ್ಟಿಲುಗಳು ಸಮನಾಗಿಲ್ಲ, ಲಾಗರಿದಮ್ ಪ್ರಕಾರ ಏರುತ್ತವೆ. ಕಣ್ಣೂ ಬೆಳಕನ್ನು ಹಾಗೆಯೇ ಗ್ರಹಿಸುವುದರಿಂದ ಮೆಟ್ಟಿಲುಗಳು ಸಮವಾಗಿ ಕಾಣಲಿ ಎಂಬುದು ಉದ್ದೇಶ. 1 ಎಂದರೆ ಶೇ. 0.1, 85 ಎಂದರೆ ಶೇ. 1, 170 ಎಂದರೆ ಶೇ. 10, 204 ಎಂದರೆ ಶೇ. 25, 229 ಎಂದರೆ ಶೇ. 50, 254 ಪೂರ್ತಿ. ನೀವು ಕಳಿಸಿದ 127 ಎಂದರೆ ಶೇ. 3ರಷ್ಟು ಬೆಳಕು!

ಗೇಟ್‌ವೇಯ ಕೈಪಿಡಿಯಲ್ಲಿ ‘ಶೇಕಡಾ’ ಎಂದು ಬರೆದಿರುವುದು ಯಾವುದರ ಶೇಕಡಾ ಎಂದು ಖಚಿತ ಮಾಡಿಕೊಳ್ಳಿ. ಕೆಲವು ಸಂಖ್ಯೆಯ ಶೇಕಡಾ ತೆಗೆದುಕೊಳ್ಳುತ್ತವೆ, ಕೆಲವು ಬೆಳಕಿನ ಶೇಕಡಾವನ್ನು ತಾವೇ ಪರಿವರ್ತಿಸುತ್ತವೆ. ಎಲ್‌ಇಡಿ ಡ್ರೈವರುಗಳಲ್ಲಿ ನೇರ ಅನುಪಾತದ ವಕ್ರರೇಖೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ. ಆದರೆ ಒಂದೇ ಕೋಣೆಯಲ್ಲಿ ಕೆಲವು ಹೀಗೆ ಕೆಲವು ಹಾಗೆ ಆದರೆ, ಒಂದೇ ಆದೇಶಕ್ಕೆ ಒಂದು ದೀಪ ಪ್ರಜ್ವಲಿಸಿ ಪಕ್ಕದ್ದು ಮಂಕಾಗಿರುತ್ತದೆ. ಡ್ರೈವರ್ ಬದಲಿಸಿದ ಮೇಲೆ ಹೀಗಾದರೆ ಮೊದಲು ನೋಡಬೇಕಾದ್ದು ಇದನ್ನೇ.

ಪ್ರಶ್ನೆ: ವಾರ್ಡಿನಲ್ಲಿ ಒಂದು ಡ್ರೈವರ್ ಸುಟ್ಟಿತ್ತು. ಬದಲಿಸಿ, ಸಾಫ್ಟ್‌ವೇರ್‌ನಲ್ಲಿ ‘ವಿಳಾಸ ಕೊಡು’ ಒತ್ತಿದೆವು. ಈಗ ಪರದೆಯ ನಕ್ಷೆಯಲ್ಲಿ 12ನೇ ಹಾಸಿಗೆಯ ದೀಪ ಮುಟ್ಟಿದರೆ ನರ್ಸ್ ಮೇಜಿನ ದೀಪ ಆರುತ್ತದೆ. ವಿಚಿತ್ರವೆಂದರೆ ಗೋಡೆಯ ಬಟನ್‌ಗಳು ಮೊದಲಿನಂತೆಯೇ ಇವೆ. ಮುಂದೇನು?
(ಆಸ್ಪತ್ರೆ ಕಟ್ಟಡದ ನಿರ್ವಹಣೆ ನೋಡಿಕೊಳ್ಳುವವರು)

ಉತ್ತರ: ಡಾಲಿ ಕೆಲಸದಲ್ಲಿ ಅತಿ ಹೆಚ್ಚು ದುಡಿಮೆ ಹಾಳಾಗುವುದು ಈ ಒಂದು ಬಟನ್ನಿನಿಂದ. ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಎರಡು ಆಯ್ಕೆ ಇರುತ್ತದೆ: ಎಲ್ಲವನ್ನೂ ಹೊಸದಾಗಿ ಮಾಡುವುದು, ವಿಳಾಸ ಇಲ್ಲದವನ್ನು ಮಾತ್ರ ಹುಡುಕುವುದು. ನೀವು ಒತ್ತಿರುವುದು ಮೊದಲನೆಯದು. ಆಗ ಪ್ರತಿ ಡ್ರೈವರೂ 24 ಬಿಟ್ಟಿನ ಒಂದು ಯಾದೃಚ್ಛಿಕ ಸಂಖ್ಯೆ ಹುಟ್ಟಿಸಿಕೊಳ್ಳುತ್ತದೆ. ಕಂಟ್ರೋಲರ್ ಅತಿ ಸಣ್ಣ ಸಂಖ್ಯೆಯಿಂದ ಶುರುಮಾಡಿ ಒಂದೊಂದಕ್ಕೂ ವಿಳಾಸ ಹಂಚುತ್ತದೆ. ಯಾರಿಗೆ ಯಾವ ವಿಳಾಸ ಎಂಬುದು ಲಾಟರಿ. ಗೋಡೆಯ ಬಟನ್ ಸರಿಯಿರುವುದಕ್ಕೆ ಕಾರಣ, ಅವು ಗುಂಪು ಮತ್ತು ಸೀನ್‌ಗಳನ್ನು ಕರೆಯುತ್ತವೆ. ಆ ಮಾಹಿತಿ ಡ್ರೈವರಿನೊಳಗೇ ಇದ್ದು ವಿಳಾಸ ಬದಲಾದರೂ ಉಳಿಯುತ್ತದೆ. ನಿಮ್ಮ ಅದೃಷ್ಟಕ್ಕೆ ಸಾಫ್ಟ್‌ವೇರ್ ಮೊದಲು ರೀಸೆಟ್ ಕಳಿಸಿಲ್ಲ. ಕಳಿಸಿದ್ದರೆ ಗುಂಪು, ಸೀನ್ ಎರಡೂ ಅಳಿಸಿಹೋಗುತ್ತಿದ್ದವು.

ಈಗ ಗುಂಪು ಸೀನ್ ಮುಟ್ಟದೆ ವಿಳಾಸಗಳನ್ನಷ್ಟೇ ಸರಿಪಡಿಸಿ. ಹಳೆಯ ಪ್ರಾಜೆಕ್ಟ್ ಫೈಲ್ ಮತ್ತು ದೀಪಗಳ ನಕ್ಷೆ ಎದುರಿಗಿಟ್ಟುಕೊಳ್ಳಿ. ಸಾಫ್ಟ್‌ವೇರ್‌ನಿಂದ ಒಂದೊಂದು ವಿಳಾಸವನ್ನೂ ಮಿಟುಕಿಸಿ, ಮಿಟುಕಿದ್ದು ಯಾವ ಜಾಗದ್ದು ಎಂದು ಒಬ್ಬರು ನಿಂತು ಹೇಳಲಿ, ಇನ್ನೊಬ್ಬರು ಹಳೆಯ ಸಂಖ್ಯೆಗೆ ಎಳೆದು ಕೂರಿಸಲಿ. 64 ದೀಪಗಳಿಗೆ ಒಂದು ಮಧ್ಯಾಹ್ನ ಬೇಕು. ಹಗಲಿನಲ್ಲಿ ರೋಗಿಗಳಿರುವ ವಾರ್ಡಿನಲ್ಲಿ ಪೂರ್ತಿ ಆರಿಸಿ ಹೊತ್ತಿಸುವ ಬದಲು ಕನಿಷ್ಠ ಮತ್ತು ಅರ್ಧದ ನಡುವೆ ಮಿಟುಕಿಸಿದರೆ ಕಿರಿಕಿರಿ ಕಡಿಮೆ.

ಮುಂದಿನ ಸಲ ಕ್ರಮ ಇದು. ಹೊಸ ಡ್ರೈವರ್ ಹಳೆಯದರ ಬಗೆಯದೇ ಇರಲಿ, ಔಟ್‌ಪುಟ್ ಕರೆಂಟಿನಲ್ಲಿಯೂ ಡಾಲಿ ಬಗೆಯಲ್ಲಿಯೂ. ಬಿಳಿ ಬೆಳಕಿನ ಬಣ್ಣ ಬದಲಿಸುವ ದೀಪಕ್ಕೆ ಡಾಲಿಯ ಬಗೆ 8ರ (ಬಣ್ಣ ನಿಯಂತ್ರಣದ) ಡ್ರೈವರ್ ಬೇಕು. ಬಗೆ 6 (ಸಾದಾ ಎಲ್‌ಇಡಿಯದು) ಹಾಕಿದರೆ ಬೆಳಗುತ್ತದೆ, ಬಣ್ಣ ಬದಲಾಗದು. ಮೇನ್ಸ್ ಆರಿಸಿ ಬದಲಿಸಿ. ‘ವಿಳಾಸ ಇಲ್ಲದವು ಮಾತ್ರ’ ಆಯ್ಕೆಯಲ್ಲಿ ಹುಡುಕಿದರೆ ಒಂದೇ ಒಂದು ಸಿಗಬೇಕು. ಅದಕ್ಕೆ ಸುಟ್ಟದ್ದರ ವಿಳಾಸವನ್ನೇ ಕೊಡಿ. ಆಮೇಲೆ ಗುಂಪು, ಸೀನ್, ಕನಿಷ್ಠ ಮಟ್ಟ, ಫೇಡ್, ಮೇನ್ಸ್ ಬಂದಾಗಿನ ಮಟ್ಟ ಎಲ್ಲವನ್ನೂ ಫೈಲಿನಿಂದ ಅದಕ್ಕೆ ಇಳಿಸಿ. ಫೈಲಿನಿಂದ ಇಳಿಸುವ ಈ ಕೊನೆಯ ಹಂತ ಬಿಟ್ಟರೆ ಹೊಸ ದೀಪ ಬ್ರಾಡ್‌ಕಾಸ್ಟ್‌ಗೆ ಮಾತ್ರ ಓಗೊಟ್ಟು ಗುಂಪಿನ ಕರೆಗೆ ಕಿವುಡಾಗಿರುತ್ತದೆ.

ಒಂದೂ ಸಿಗದಿದ್ದರೆ? ಬೇರೆ ಕಟ್ಟಡದಿಂದ ಬಿಚ್ಚಿ ತಂದ ಡ್ರೈವರ್ ಇರಬಹುದು, ಅದರಲ್ಲಿ ಹಳೆಯ ವಿಳಾಸ ಇನ್ನೂ ಕೂತಿದೆ. ಆ ವಿಳಾಸ ನಿಮ್ಮಲ್ಲಿ ಈಗಾಗಲೇ ಇದ್ದರೆ ಎರಡು ದೀಪ ಒಟ್ಟಿಗೆ ಕುಣಿಯುತ್ತವೆ, ವಿಚಾರಿಸಿದಾಗ ಎರಡರ ಉತ್ತರವೂ ಡಿಕ್ಕಿಯಾಗಿ ಪರದೆಯಲ್ಲಿ ದೋಷ ಕಾಣಿಸುತ್ತದೆ. ಆ ವಿಳಾಸಕ್ಕೆ ‘ನಿನ್ನ ವಿಳಾಸ ಅಳಿಸಿಕೋ’ ಎಂಬ ಆದೇಶ ಕಳಿಸಿ. ಎರಡೂ ವಿಳಾಸ ಕಳೆದುಕೊಳ್ಳುತ್ತವೆ. ಮತ್ತೆ ‘ವಿಳಾಸ ಇಲ್ಲದವು’ ಹುಡುಕಿದರೆ ಯಾದೃಚ್ಛಿಕ ಸಂಖ್ಯೆ ಬೇರೆಬೇರೆ ಆಗುವುದರಿಂದ ಎರಡಾಗಿ ಬೇರ್ಪಡುತ್ತವೆ.

ಪ್ರಶ್ನೆ: ಕಾಮಗಾರಿ ಮುಗಿಸಿದ ಗುತ್ತಿಗೆದಾರರಿಂದ ಏನೇನು ಪಡೆದುಕೊಳ್ಳಬೇಕು? ಮುಂದಿನ ವಾರ ಹಸ್ತಾಂತರ.

ಉತ್ತರ: ಪ್ರಾಜೆಕ್ಟ್ ಫೈಲ್, ಅದನ್ನು ತೆರೆಯುವ ಸಾಫ್ಟ್‌ವೇರ್‌ನ ಆವೃತ್ತಿ ಸಂಖ್ಯೆ, ಎಲ್ಲ ಪಾಸ್‌ವರ್ಡ್, ಮತ್ತು ಸೀಲಿಂಗ್ ನಕ್ಷೆಯ ಮೇಲೆ ಪ್ರತಿ ದೀಪದ ಪಕ್ಕ ಲೈನ್ ಸಂಖ್ಯೆ, ವಿಳಾಸ ಬರೆದ ಹಾಳೆ. ನಿಸ್ತಂತು ಜಾಲವಾದರೆ ಆ್ಯಪ್ ಖಾತೆ ಸಂಸ್ಥೆಯ ಇಮೇಲಿಗೆ ವರ್ಗವಾಗಿರಬೇಕು; ಕೆಲಸಗಾರರೊಬ್ಬರ ಸ್ವಂತ ಖಾತೆಯಲ್ಲಿ ಜಾಲದ ಕೀಲಿ ಉಳಿದರೆ ಅವರು ಕೆಲಸ ಬಿಟ್ಟ ದಿನ ಒಂದೊಂದು ದೀಪವನ್ನೂ ರೀಸೆಟ್ ಮಾಡಬೇಕಾಗುತ್ತದೆ. ಗೇಟ್‌ವೇಗಳು ಬೇರೆ ವಿಎಲ್ಯಾನ್‌ನಲ್ಲಿ (ಕಚೇರಿ ಜಾಲದಿಂದ ಬೇರ್ಪಡಿಸಿದ ಉಪಜಾಲದಲ್ಲಿ) ಇವೆಯೆ ನೋಡಿ. ಬ್ಯಾಕ್‌ನೆಟ್ (ಕಟ್ಟಡದ ಯಂತ್ರಗಳು ಮಾತಾಡುವ ಪದ್ಧತಿ) ಬಳಸುವ ಕಡೆ 47808 ಪೋರ್ಟ್ ಇಂಟರ್‌ನೆಟ್‌ಗೆ ತೆರೆದಿರಬಾರದು. ಹಣದ ಕೊನೆಯ ಕಂತು ಈ ಹಾಳೆ ಕೈಗೆ ಬಂದ ಮೇಲೆ.

ಪ್ರಶ್ನೆ: ಮೀಟಿಂಗ್ ನಡೆಯುತ್ತಿರುವಾಗಲೇ ದೀಪ ಆರುತ್ತದೆ, ಎಲ್ಲರೂ ಕೈ ಬೀಸಬೇಕು. ಸೆನ್ಸರ್ 8 ಮೀಟರ್ ವ್ಯಾಪ್ತಿಯದು ಎಂದು ಬರೆದಿದೆ, ಕೋಣೆ 6 ಮೀಟರ್ ಅಷ್ಟೆ.

ಉತ್ತರ: ಆ 8 ಮೀಟರ್ ನಡೆದಾಡುವವರ ಲೆಕ್ಕ. ಪಿಐಆರ್ ಸೆನ್ಸರ್ ನೋಡುವುದು ಮೈಬಿಸಿ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟುವುದನ್ನು. ಅಡ್ಡ ಹಾಯುವವರು ಬೇಗ ಸಿಗುತ್ತಾರೆ, ನೇರ ಎದುರು ಬರುವವರು ತಡವಾಗಿ, ಕೂತು ಪೆನ್ ಆಡಿಸುವವರು ಹತ್ತಿರವಿದ್ದರೆ ಮಾತ್ರ. ಅದೇ ಮಾಹಿತಿ ಹಾಳೆಯಲ್ಲಿ ‘ಕೂತವರಿಗೆ’ ಎಂಬ ಇನ್ನೊಂದು ಸಣ್ಣ ವೃತ್ತ ಇರುತ್ತದೆ, ಅದನ್ನು ಹಿಡಿದು ಸೆನ್ಸರ್ ಹಂಚಿ. ನಿಮ್ಮ ಕೋಣೆಗೆ ಬಾಗಿಲ ಬಳಿಯದನ್ನು ಮೇಜಿನ ಮೇಲಕ್ಕೆ ಸರಿಸಿದರೇ ಅರ್ಧ ಸಮಸ್ಯೆ ಹೋಗಬಹುದು. ಕಾಯುವ ಸಮಯ 20 ನಿಮಿಷ ಇಡಿ. ತಾನಾಗಿ ಹೊತ್ತುವುದನ್ನು ತೆಗೆದು, ಬಟನ್ನಿನಿಂದ ಹೊತ್ತಿಸಿ ತಾನಾಗಿ ಆರುವಂತೆ ಮಾಡುವುದು ಮೀಟಿಂಗ್ ಕೋಣೆಗೆ ಹೆಚ್ಚು ಹೊಂದುತ್ತದೆ. ಎಸಿ ಗಾಳಿ ಬೀಳುವ ಜಾಲರಿಯ ಪಕ್ಕ ಸೆನ್ಸರ್ ಬೇಡ. ಮೈಕ್ರೋವೇವ್ ಸೆನ್ಸರ್ ಸಣ್ಣ ಚಲನೆಯನ್ನೂ ಹಿಡಿಯುತ್ತದೆ, ಆದರೆ ಗಾಜು, ಜಿಪ್ಸಂ ಗೋಡೆಯಾಚೆ ಕಾರಿಡಾರಿನಲ್ಲಿ ಹೋಗುವವರನ್ನೂ ಬಿಡುವುದಿಲ್ಲ.

ಪ್ರಶ್ನೆ: ಹಗಲು ಬೆಳಕಿಗೆ ತಕ್ಕಂತೆ ಕಿಟಕಿ ಸಾಲಿನ ದೀಪ ತಗ್ಗಬೇಕು. ಮೋಡ ಹಾದಾಗಲೆಲ್ಲ ಅವು ಉಸಿರಾಡುವಂತೆ ಏರಿಳಿಯುತ್ತವೆ.

ಉತ್ತರ: ಏರುವುದು ಕೆಲವೇ ಸೆಕೆಂಡಿನಲ್ಲಿ, ಇಳಿಯುವುದು ಒಂದು ನಿಮಿಷದಷ್ಟು ನಿಧಾನವಾಗಿ ಇರುವಂತೆ ಹೊಂದಿಸಿ. ಗುರಿಯ ಎರಡು ಬದಿಗೂ ಶೇ. 10ರಷ್ಟು ‘ಅಲುಗದ’ ಅಂತರ ಬಿಡಿ. ಸೆನ್ಸರ್ ಕಣ್ಣಿಗೆ ಕಿಟಕಿ ನೇರ ಕಾಣಬಾರದು. ಅದು ನೋಡಬೇಕಾದ್ದು ಮೇಜಿನಿಂದ ಮರಳಿ ಬರುವ ಬೆಳಕನ್ನು.

ಹೊಂದಿಸುವ ಕೆಲಸ ಕತ್ತಲಾದ ಮೇಲೆ ಮಾಡಿ. ಪರದೆ ಮುಚ್ಚಿ, ದೀಪ ಪೂರ್ತಿ ಹೊತ್ತಿಸಿ ಮೇಜಿನ ಎತ್ತರದಲ್ಲಿ ಲಕ್ಸ್ ಮೀಟರ್ (ಬೆಳಕು ಅಳೆಯುವ ಸಾಧನ) ಇಡಿ. ಕಚೇರಿ ಮೇಜಿಗೆ ಯುರೋಪಿನ ಮಾನಕ ಇಎನ್ 12464-1 ಹೇಳುವುದು 500 ಲಕ್ಸ್. ಮೀಟರ್ 620 ತೋರಿಸಿದರೆ, ಹೊಸ ಎಲ್‌ಇಡಿಗಳಲ್ಲಿ ಇದು ಸಾಮಾನ್ಯ, ಗರಿಷ್ಠ ಮಟ್ಟವನ್ನು 246ಕ್ಕೆ ಕಟ್ಟಿಹಾಕಿ, ಅದು ಶೇ. 80, ಅಲ್ಲಿಗೆ 500 ಲಕ್ಸ್. ಸೆನ್ಸರಿಗಿಂತ ಮೊದಲು ಈ ಒಂದು ಸೆಟ್ಟಿಂಗೇ ಸುಮಾರು ಐದನೇ ಒಂದು ಪಾಲು ವಿದ್ಯುತ್ ಉಳಿಸುತ್ತದೆ. ಆ ಸ್ಥಿತಿಯಲ್ಲಿ ಸೆನ್ಸರಿಗೆ ‘ಇದೇ ಗುರಿ’ ಎಂದು ಕಲಿಸಿ. ಮರುದಿನ ಮಧ್ಯಾಹ್ನ ಮತ್ತೆ ಅಳೆಯಿರಿ. ಕಪ್ಪು ಮೇಜು ತೆಗೆದು ಬಿಳಿ ಮೇಜು ಹಾಕಿದರೆ ಮತ್ತೆ ಕಲಿಸಬೇಕು: ಬಿಳುಪು ಹೆಚ್ಚು ಬೆಳಕು ಮರಳಿಸುತ್ತದೆ, ಸೆನ್ಸರ್ ಸಾಕೆಂದು ತಿಳಿದು ದೀಪ ತಗ್ಗಿಸುತ್ತದೆ.

ಪ್ರಶ್ನೆ: ಹಳೆಯ ಕಟ್ಟಡ, ಹೊಸ ತಂತಿ ಎಳೆಯಲು ಸಾಧ್ಯವಿಲ್ಲ. ಬ್ಲೂಟೂತ್ ಮೆಶ್ ನಂಬಬಹುದೆ, ಜಿಗ್‌ಬೀ ಉತ್ತಮವೆ?

ಉತ್ತರ: ಎರಡೂ 2.4 ಗಿಗಾಹರ್ಟ್ಸ್‌ನ ನಿಸ್ತಂತು ಜಾಲಗಳು, ಎರಡರಿಂದಲೂ ದೊಡ್ಡ ಕಟ್ಟಡಗಳು ನಡೆಯುತ್ತಿವೆ. ಜಿಗ್‌ಬೀಯಲ್ಲಿ ಸಂದೇಶಕ್ಕೆ ದಾರಿ ಗೊತ್ತುಮಾಡಿಕೊಂಡು ಕಳಿಸಲಾಗುತ್ತದೆ. 2017ರಲ್ಲಿ ಬಂದ ಬ್ಲೂಟೂತ್ ಮೆಶ್‌ನಲ್ಲಿ ಕೇಳಿದವರೆಲ್ಲ ಕೂಗಿ ದಾಟಿಸುತ್ತಾರೆ. ಹಾಗಾಗಿ ಜಿಗ್‌ಬೀಗೆ ಚಾನೆಲ್ ಆಯ್ಕೆ ಮುಖ್ಯ: ವೈಫೈ 1, 6, 11ರಲ್ಲಿ ಇದ್ದರೆ 15, 20, 25, 26 ಸಂದಿಯಲ್ಲಿ ಸಿಗುತ್ತವೆ. ಬ್ಲೂಟೂತ್ ಮೆಶ್‌ಗೆ ಕೂಗುವವರ ಸಂಖ್ಯೆ ಮುಖ್ಯ. ಒಂದೇ ಮಹಡಿಯ 200 ದೀಪಗಳಿಗೂ ರಿಲೇ (ಸಂದೇಶ ದಾಟಿಸುವ ಕೆಲಸ) ಕೊಟ್ಟರೆ ಗದ್ದಲದಲ್ಲಿ ಸಂದೇಶವೇ ಮುಳುಗುತ್ತದೆ. ಅಲ್ಲೊಂದು ಇಲ್ಲೊಂದರಂತೆ ಆರಿಸಿ ರಿಲೇ ಕೊಟ್ಟು ಉಳಿದವುಗಳಲ್ಲಿ ತೆಗೆಯಿರಿ.

ಈ ಆಯ್ಕೆಗಿಂತ ಹೆಚ್ಚು ತೊಂದರೆ ಕೊಡುವುದು ಗೋಡೆಯ ಹಳೆಯ ಸ್ವಿಚ್ಚು. ಯಾರೋ ಅಭ್ಯಾಸಬಲದಿಂದ ಅದನ್ನು ಆರಿಸುತ್ತಾರೆ, ದೀಪದ ಜೊತೆ ಅದರ ರೇಡಿಯೋವೂ ಸಾಯುತ್ತದೆ, ಅದರ ಮೂಲಕ ದಾಟುತ್ತಿದ್ದ ಆಚೆಯ ದೀಪಗಳೂ ಕೈಗೆ ಸಿಗುವುದಿಲ್ಲ. ಸ್ವಿಚ್ ಬಾಕ್ಸಿನೊಳಗೆ ಫೇಸ್ ತಂತಿಗಳನ್ನು ಕನೆಕ್ಟರ್ ಹಾಕಿ ಶಾಶ್ವತವಾಗಿ ಕೂಡಿಸಿ, ಮೇಲೆ ನಿಸ್ತಂತು ಬಟನ್ ಕೂರಿಸಿ. ಒತ್ತಿದ ಬಲದಿಂದಲೇ ವಿದ್ಯುತ್ ಹುಟ್ಟಿಸಿಕೊಳ್ಳುವ, ಬ್ಯಾಟರಿ ಬೇಡದ ಬಟನ್‌ಗಳೂ ಇವೆ. ಇನ್ನೊಂದು: ರೇಡಿಯೋ ಇರುವ ಭಾಗ ತಗಡಿನ ದೀಪದ ಪೆಟ್ಟಿಗೆಯೊಳಗೆ ಮುಚ್ಚಿಹೋಗಬಾರದು, ಆಂಟೆನಾ ಹೊರಗೆ ಇಣುಕಲಿ.

ಪ್ರಶ್ನೆ: ತುರ್ತು ದೀಪಗಳ ಬ್ಯಾಟರಿ ಪರೀಕ್ಷೆ ಡಾಲಿಯಿಂದಲೇ ಆಗುತ್ತದಂತೆ. ನಮ್ಮಲ್ಲಿ ವರ್ಷದ ಪರೀಕ್ಷೆಯಲ್ಲಿ ಹೆಚ್ಚಿನವು ಅನುತ್ತೀರ್ಣ. ಬ್ಯಾಟರಿ ಎಲ್ಲ ಹೊಸವು.

ಉತ್ತರ: ಬ್ಯಾಟರಿಗೆ ಹೋಗುವ ಫೇಸ್ ಯಾವ ಕಾಂಟ್ಯಾಕ್ಟರಿನಿಂದ (ಇಡೀ ಸರ್ಕ್ಯೂಟನ್ನು ಕಡಿದು ಕೂಡಿಸುವ ವಿದ್ಯುತ್ ಚಾಲಿತ ಸ್ವಿಚ್ಚಿನಿಂದ) ಬರುತ್ತಿದೆ ನೋಡಿ. ರಾತ್ರಿ ದೀಪದ ಸರ್ಕ್ಯೂಟ್ ಕಡಿಯುವಾಗ ತುರ್ತು ಘಟಕದ ಫೇಸೂ ಕಡಿದರೆ ಬ್ಯಾಟರಿ ದಿನವೂ ಇಳಿಯುತ್ತದೆ, ಪೂರ್ತಿ ಚಾರ್ಜ್ ಎಂದೂ ಆಗದು. ಅದಕ್ಕೆ ಸ್ವಿಚ್ ಇಲ್ಲದ, ನಿರಂತರ ಫೇಸ್ ಬೇಕು. ಪರೀಕ್ಷೆಗೆ ಮೊದಲು 24 ಗಂಟೆ ತಡೆಯಿಲ್ಲದ ಚಾರ್ಜ್ ಆಗಿರಲಿ. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಎಂದು ನೋಡುವ ಅವಧಿ ಪರೀಕ್ಷೆ ಮುಗಿದಾಗ ಅದು ಖಾಲಿ. ಇಡೀ ಕಟ್ಟಡವನ್ನು ಒಂದೇ ರಾತ್ರಿ ಪರೀಕ್ಷಿಸಿದರೆ ಮರುದಿನ ಕರೆಂಟ್ ಹೋದಾಗ ದಾರಿ ಕಾಣದು. ಬೆಸ ವಿಳಾಸದವು ಒಂದು ದಿನ, ಸಮ ವಿಳಾಸದವು ಎರಡು ದಿನ ಬಿಟ್ಟು ಮಾಡಿ. ದೀಪದ ಡ್ರೈವರ್ ಬೇರೆ, ತುರ್ತು ಘಟಕ ಬೇರೆ ಇದ್ದರೆ ಒಂದೇ ದೀಪ ಎರಡು ವಿಳಾಸ ತಿನ್ನುತ್ತದೆ, 64ರ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ: ಎಲ್ಲ ದೀಪ ಆರಿದ್ದರೂ ರಾತ್ರಿ ಮೀಟರ್ ಓಡುತ್ತದೆ. 1000 ದೀಪಗಳಿವೆ.

ಉತ್ತರ: ಆರಿದ ಡ್ರೈವರೂ ಆದೇಶಕ್ಕಾಗಿ ಕಿವಿ ತೆರೆದಿರುತ್ತದೆ. ತಲಾ 0.5 ವಾಟ್ ಎಂದರೂ 500 ವಾಟ್. ವರ್ಷವಿಡೀ ಹೀಗಿದ್ದರೆ 4380 ಯೂನಿಟ್. ಎಲ್ಲ ದೀಪ ಆರಿ ಹತ್ತು ನಿಮಿಷವಾದ ಮೇಲೆ ಕಾಂಟ್ಯಾಕ್ಟರಿನಿಂದ ಮೇನ್ಸ್ ಕಡಿಯುವಂತೆ ಮಾಡಬಹುದು. ಹಾಗೆ ಮಾಡಿದರೆ ತುರ್ತು ದೀಪದ ಫೇಸ್ ಬೇರೆ ಇರಬೇಕು, ‘ದೀಪ ಕೆಟ್ಟಿದೆ’ ಎಂಬ ಎಚ್ಚರಿಕೆಯನ್ನು ಆ ಹೊತ್ತಿಗೆ ತಡೆಹಿಡಿಯಬೇಕು. ಕಾಂಟ್ಯಾಕ್ಟರನ್ನು ವಾಟ್ ನೋಡಿ ಆರಿಸಬೇಡಿ. ಎಲ್‌ಇಡಿ ಡ್ರೈವರುಗಳು ಹೊತ್ತುವ ಕ್ಷಣ, ಮಿಲಿಸೆಕೆಂಡಿಗೂ ಕಡಿಮೆ ಹೊತ್ತು, ಹತ್ತಾರು ಆಂಪ್ ಎಳೆಯುತ್ತವೆ. ಒಟ್ಟಿಗೆ ಹೊತ್ತಿದಾಗ ಸಂಪರ್ಕ ಬಿಂದುಗಳು ಬೆಸೆದುಹೋಗಿ ಆಮೇಲೆ ಆರಿಸಿದರೂ ಆರುವುದಿಲ್ಲ. ಒಂದು 16 ಆಂಪ್ ಎಂಸಿಬಿಗೆ ಎಷ್ಟು ಡ್ರೈವರ್ ಎಂಬ ಸಂಖ್ಯೆ ಡ್ರೈವರಿನ ಮಾಹಿತಿ ಹಾಳೆಯಲ್ಲಿರುತ್ತದೆ, ಎಂಸಿಬಿಯ ಬಿ ಅಥವಾ ಸಿ ಬಗೆಗೆ ತಕ್ಕಂತೆ ಬೇರೆಬೇರೆ. ಅದಕ್ಕಿಂತ ಹೆಚ್ಚಿದ್ದರೆ ಎರಡು ಮೂರು ಕಾಂಟ್ಯಾಕ್ಟರುಗಳಾಗಿ ಒಡೆದು, ಒಂದೊಂದನ್ನು ಒಂದು ಸೆಕೆಂಡ್ ಅಂತರದಲ್ಲಿ ಹೊತ್ತಿಸಿ.